ಶಸ್ತ್ರಚಿಕಿತ್ಸೆಯ ನಂತರದ ಓಕರಿಕೆಗೆ ಮಣಿಕಟ್ಟಿನ ಒತ್ತುಬಿಂದು: ಚೀನಾದ ಶುಶ್ರೂಷಾ ತಂತ್ರವನ್ನು ನಮ್ಮ ವಾರ್ಡಿಗೆ ತರುವ ಬಗೆ

ಪಿತ್ತಕೋಶದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮಧ್ಯಾಹ್ನ ವಾರ್ಡಿಗೆ ಬಂದ ಹೆಂಗಸೊಬ್ಬರು ಸಂಜೆಯಾಗುತ್ತಲೇ ವಾಂತಿ ಹಿಡಿಯುವ ಕಿಡ್ನಿ ಟ್ರೇ ಹಿಡಿದುಕೊಂಡು ಕುಳಿತುಬಿಡುತ್ತಾರೆ. ಒಂದು ಕೈಯಲ್ಲಿ ಟ್ರೇ, ಇನ್ನೊಂದು ಕೈ ಹೊಟ್ಟೆಯ ಬ್ಯಾಂಡೇಜಿನ ಮೇಲೆ. ಓಕರಿಕೆ ಬಂದಾಗಲೆಲ್ಲ ಹೊಲಿಗೆ ಎಳೆಯುತ್ತದೆ. ಹೊಟ್ಟೆಯಿಂದ ಏನೂ ಬರುವುದಿಲ್ಲ, ಕಣ್ಣಿನಿಂದ ನೀರು ಬರುತ್ತದೆ. ವಾಂತಿ ತಡೆಯುವ ಇಂಜೆಕ್ಷನ್ ಆಗಲೇ ಕೊಟ್ಟಾಗಿದೆ, ಮುಂದಿನ ಡೋಸಿಗೆ ಇನ್ನೂ ಹೊತ್ತಿದೆ. ಮಂಗಳೂರಿನಲ್ಲಾಗಲಿ ಉಡುಪಿ, ಮಣಿಪಾಲಗಳಲ್ಲಾಗಲಿ ಸರ್ಜಿಕಲ್ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರೆಲ್ಲರಿಗೂ ಈ ದೃಶ್ಯ ಗೊತ್ತು. ಈ ಹೊತ್ತಿನಲ್ಲಿ ಬರಿಗೈಯಿಂದ ಮಾಡಬಹುದಾದದ್ದು ಏನಾದರೂ ಇದೆಯೇ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಚೀನಾದ ಸಾಂಪ್ರದಾಯಿಕ ವೈದ್ಯದ ಶುಶ್ರೂಷಾ ತಂತ್ರಗಳು. ಅವುಗಳಲ್ಲಿ ಹೆಚ್ಚಿನವನ್ನು ಬಿಟ್ಟು ಒಂದೆರಡನ್ನು ಮಾತ್ರ ನಾನು ಉಳಿಸಿಕೊಂಡಿದ್ದೇನೆ. ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು, ಉಳಿಸಿಕೊಂಡದ್ದನ್ನು ನಮ್ಮ ಊರಿನ ಆಸ್ಪತ್ರೆಯಲ್ಲಿ ಯಾವ ಕ್ರಮದಲ್ಲಿ ಜಾರಿಗೆ ತರಬೇಕು ಎಂಬುದನ್ನು ಇನ್‌ಚಾರ್ಜ್ ಸಿಸ್ಟರ್‌ಗಳಿಗೆ, ನರ್ಸಿಂಗ್ ಬೋಧಕರಿಗೆ, ಆಸಕ್ತ ಶುಶ್ರೂಷಕ ಶುಶ್ರೂಷಕಿಯರಿಗೆ ತಿಳಿಸುವುದು ಈ ಬರಹದ ಉದ್ದೇಶ.

ಚೀನಾದಲ್ಲಿ ಇದು ಹೇಗೆ ನಡೆಯುತ್ತದೆ

ಚೀನಾದ ಸಾಂಪ್ರದಾಯಿಕ ವೈದ್ಯದ ಆಸ್ಪತ್ರೆಗಳಲ್ಲಿ ಶುಶ್ರೂಷೆಯೇ ಒಂದು ಪ್ರತ್ಯೇಕ ವಿದ್ಯೆ. ಒತ್ತುಬಿಂದುಗಳ ಮರ್ದನ, ಕಿವಿಯ ಮೇಲೆ ಬೀಜ ಅಂಟಿಸುವುದು, ಗಾಜಿನ ಬಟ್ಟಲುಗಳನ್ನು ಚರ್ಮಕ್ಕೆ ಕಚ್ಚಿಸುವ ಕಪ್ಪಿಂಗ್, ಚರ್ಮವನ್ನು ಗೀರುವ ಗ್ವಾ ಶಾ, ಗಿಡಮೂಲಿಕೆಯ ಬತ್ತಿಯನ್ನು ಹೊತ್ತಿಸಿ ಅದರ ಕಾವು ಕೊಡುವ ಮಾಕ್ಸಾ, ಮೂಲಿಕೆಯ ನೀರಿನಲ್ಲಿ ಕಾಲು ನೆನೆಸುವುದು, ಇವೆಲ್ಲವನ್ನೂ ವೈದ್ಯರ ಆದೇಶದ ಮೇರೆಗೆ ಶುಶ್ರೂಷಕಿಯರೇ ಮಾಡುತ್ತಾರೆ. ರೋಗದ ಹೆಸರೊಂದನ್ನೇ ನೋಡದೆ, ರೋಗಿಯ ನಿದ್ರೆ, ಹಸಿವು, ನಾಲಿಗೆ, ಮಲಮೂತ್ರ, ಮನಸ್ಸು ಇವೆಲ್ಲವನ್ನೂ ಗಮನಿಸಿ ಆತನ ಸ್ಥಿತಿಗೆ ತಕ್ಕಂತೆ ಆರೈಕೆಯನ್ನು ಗೊತ್ತುಮಾಡುವುದು ಅವರ ಕ್ರಮ. ಮೂರು ಪಾಲು ಚಿಕಿತ್ಸೆ, ಏಳು ಪಾಲು ಆರೈಕೆ ಎಂಬ ಮಾತು ಅಲ್ಲಿ ಜನಜನಿತ. ಪಥ್ಯ, ಬಾಣಂತನ, ಎಣ್ಣೆಸ್ನಾನಗಳನ್ನು ಕಂಡು ಬೆಳೆದ ನಮಗೆ ಈ ದೃಷ್ಟಿ ಹೊಸದೇನಲ್ಲ. ಆದರೆ ದೃಷ್ಟಿ ಪರಿಚಿತವಾದ ಮಾತ್ರಕ್ಕೆ ತಂತ್ರಗಳೆಲ್ಲ ಸುರಕ್ಷಿತವಾಗುವುದಿಲ್ಲ.

ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರ ಪ್ರಕರಣವನ್ನು ಇಲ್ಲಿ ನೆನೆಯಬೇಕು. 1971ರ ಜುಲೈನಲ್ಲಿ ಬೀಜಿಂಗಿನಲ್ಲಿದ್ದಾಗ ಅವರಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಸೂಜಿಯಿಂದಲೇ ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ದರು ಎಂಬ ಸುದ್ದಿ ಜಗತ್ತಿನಲ್ಲೆಲ್ಲ ಹಬ್ಬಿತು. ನಿಜವಾಗಿ ನಡೆದದ್ದು ಬೇರೆ. ಶಸ್ತ್ರಚಿಕಿತ್ಸೆಗೆ ಬಳಸಿದ್ದು ಎಂದಿನ ಔಷಧಗಳನ್ನೇ. ಆಮೇಲೆ ಹೊಟ್ಟೆಯುಬ್ಬರ ಕಾಡಿದಾಗ, ಅವರ ಒಪ್ಪಿಗೆ ಪಡೆದು, ಸೂಜಿ ಚುಚ್ಚುವ ಆಕ್ಯುಪಂಕ್ಚರ್ ಚಿಕಿತ್ಸೆಯನ್ನೂ ಮೂಲಿಕೆಯ ಕಾವನ್ನೂ ಕೊಟ್ಟರು. ಆಧುನಿಕ ಚಿಕಿತ್ಸೆ ತನ್ನ ಜಾಗದಲ್ಲಿ ಪೂರ್ತಿಯಾಗಿ ಇತ್ತು, ಸಾಂಪ್ರದಾಯಿಕ ತಂತ್ರ ಅದರ ಪಕ್ಕದಲ್ಲಿ ನಿಂತಿತು. ನಮ್ಮ ವಾರ್ಡಿನಲ್ಲೂ ಇದೇ ಕ್ರಮ ಇರಬೇಕು.

ಮೊದಲು ಕೈಬಿಡಬೇಕಾದವುಗಳ ಪಟ್ಟಿ

ಯಾವ ತಂತ್ರವನ್ನು ತರಬೇಕು ಎಂಬ ಚರ್ಚೆಗಿಂತ ಮುಂಚೆ ಯಾವುದನ್ನು ತರಬಾರದು ಎಂಬುದನ್ನು ಬರೆದಿಟ್ಟುಕೊಳ್ಳಿ. ಬೆಂಕಿ, ಸೂಜಿ, ಮೂಲಿಕೆ, ಗೀರುವಿಕೆ ಈ ನಾಲ್ಕನ್ನೂ ನಾನು ಶುಶ್ರೂಷಕಿಯರ ಕೈಗೆ ಕೊಡುವುದಿಲ್ಲ.

ಮಾಕ್ಸಾ ಎಂಬುದು ನಮ್ಮ ಮಾಚಿಪತ್ರೆಯ ಕುಲಕ್ಕೇ ಸೇರಿದ ಗಿಡದ ಒಣಗಿದ ಎಲೆಯಿಂದ ಮಾಡಿದ ಬತ್ತಿ. ಆಮ್ಲಜನಕದ ಪೈಪುಗಳು ಗೋಡೆಯಲ್ಲಿರುವ, ಪಕ್ಕದ ಮಂಚದಲ್ಲಿ ಉಬ್ಬಸದ ರೋಗಿ ಮಲಗಿರುವ ವಾರ್ಡಿನಲ್ಲಿ ಕೆಂಡವನ್ನೂ ಹೊಗೆಯನ್ನೂ ಒಳಗೆ ತರುವ ಪ್ರಶ್ನೆಯೇ ಇಲ್ಲ. ಕಪ್ಪಿಂಗ್ ಮತ್ತು ಗ್ವಾ ಶಾ ಎರಡೂ ಚರ್ಮದಡಿಯ ಸಣ್ಣ ರಕ್ತನಾಳಗಳನ್ನು ಒಡೆದು ಕೆಂಪು ಗುರುತು ಮೂಡಿಸುತ್ತವೆ. ಮಳೆಗಾಲದಲ್ಲಿ ಡೆಂಗಿಯೂ ಇಲಿಜ್ವರವೂ ಇರುವ ನಮ್ಮ ಜಿಲ್ಲೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಪ್ಲೇಟ್‌ಲೆಟ್ ಇಳಿಯುತ್ತಿರುವ ರೋಗಿಯ ಚರ್ಮದ ಮೇಲೆ ನಾವೇ ರಕ್ತದ ಕಲೆಗಳನ್ನು ಮೂಡಿಸಿದರೆ ಅವನಿಗೆ ಅಪಾಯ ತಂದಂತಾಗುತ್ತದೆ. ಜೊತೆಗೆ, ರೋಗದಿಂದ ಮೂಡಿದ ಕಲೆ ಯಾವುದು, ನಾವು ಮೂಡಿಸಿದ್ದು ಯಾವುದು ಎಂದು ಬೆಳಗಿನ ರೌಂಡ್ಸಿನಲ್ಲಿ ವೈದ್ಯರಿಗೆ ತಿಳಿಯದೆ ಹೋಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮೂಲಿಕೆಗಳ ಬಗ್ಗೆ ಇನ್ನೂ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗಿಡದ ಮದ್ದಿನಿಂದ ತೊಂದರೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸಿನಲ್ಲಿ, ತೂಕ ಇಳಿಸಲೆಂದು ಚೀನೀ ಮೂಲಿಕೆಯ ಗುಳಿಗೆ ತೆಗೆದುಕೊಂಡ ಅನೇಕ ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಒಂದು ಮೂಲಿಕೆಯ ಜಾಗಕ್ಕೆ ಅರಿಸ್ಟೊಲೋಕಿಯಾ ಜಾತಿಯ ಇನ್ನೊಂದು ಸೇರಿಕೊಂಡದ್ದೇ ಅದಕ್ಕೆ ಕಾರಣ. ಅದೇ ಜಾತಿಯ ಬಳ್ಳಿಯೊಂದು ನಮ್ಮ ಬೇಲಿ ಹಾಡಿಗಳಲ್ಲೂ ಇದೆ. ಈಶ್ವರಿ ಬಳ್ಳಿ ಎಂದು ಕರೆದು ಹಾವು ಕಡಿತಕ್ಕೆ ನಾಟಿ ಮದ್ದಾಗಿ ಬಳಸುತ್ತಿದ್ದುದು ಅದನ್ನೇ. ಡಾನ್ ಶೆನ್ ಎಂಬ ಚೀನೀ ಬೇರು, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯೊಂದಿಗೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆದ್ದರಿಂದ ಮೂಲಿಕೆಯ ವಿಷಯದಲ್ಲಿ ನಮ್ಮ ಕೆಲಸ ಒಂದೇ: ದಾಖಲಾಗುವಾಗ ರೋಗಿ ಮನೆಯಲ್ಲಿ ಯಾವ ಕಷಾಯ, ಯಾವ ಪುಡಿ, ಯಾವ ನಾಟಿ ಮದ್ದು ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆಯುವುದು. ಬೈಯುತ್ತಾರೆಂಬ ಹೆದರಿಕೆಯಿಂದ ಜನ ಇದನ್ನು ಮುಚ್ಚಿಡುತ್ತಾರೆ. ಸಮಾಧಾನದಿಂದ ಕೇಳಿದರೆ ಹೇಳುತ್ತಾರೆ.

ಸೂಜಿಯ ಚಿಕಿತ್ಸೆಗೆ ನಮ್ಮ ಭಾಗದಲ್ಲಿ ಅರ್ಹರಿದ್ದಾರೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿಯಲ್ಲಿ ಆಕ್ಯುಪಂಕ್ಚರ್ ಒಂದು ಪಾಠ್ಯವಿಷಯ. ಉಜಿರೆಯಲ್ಲಿ 1989ರಿಂದಲೇ ಆ ಕಾಲೇಜು ನಡೆಯುತ್ತಿದೆ. ಸೂಜಿ ಬೇಕೆನಿಸಿದರೆ ಅಂಥ ವೈದ್ಯರ ಸಲಹೆಗೆ ಕಳುಹಿಸಬೇಕೇ ಹೊರತು ಶುಶ್ರೂಷಕಿ ಸೂಜಿ ಹಿಡಿಯಬಾರದು. ಎದೆಯ ಭಾಗದಲ್ಲಿ ತಪ್ಪಾಗಿ ಹೋದ ಸೂಜಿಯಿಂದ ಶ್ವಾಸಕೋಶಕ್ಕೆ ತೂತು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಉಳಿಯುವುದು ಒಂದು ಬಿಂದು

ಇಷ್ಟನ್ನೆಲ್ಲ ಬಿಟ್ಟ ಮೇಲೆ ಉಳಿಯುವ ತಂತ್ರಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಮಣಿಕಟ್ಟಿನ ಒಳಭಾಗದ ಒಂದು ಬಿಂದು. ಚೀನೀ ಭಾಷೆಯಲ್ಲಿ ಅದರ ಹೆಸರು ನೇಯ್‌ಗುವಾನ್, ಒಳಬಾಗಿಲು ಎಂದು ಅರ್ಥ ಮಾಡಬಹುದು. ನಮ್ಮ ಪುಸ್ತಕಗಳಲ್ಲಿ ಅದನ್ನು ಪಿ-6 ಎಂದು ಕರೆಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ಓಕರಿಕೆ ಮತ್ತು ವಾಂತಿಯ ಮೇಲೆ ಈ ಬಿಂದುವಿನ ಪರಿಣಾಮವನ್ನು ಪರೀಕ್ಷಿಸಿದ 59 ಅಧ್ಯಯನಗಳನ್ನು, ಅವುಗಳಲ್ಲಿದ್ದ 7667 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕೋಕ್ರೇನ್ ಸಂಸ್ಥೆಯ ಪರಾಮರ್ಶೆ ಪ್ರಕಟವಾಯಿತು. ಹೋಲಿಕೆಗಾಗಿ ಸುಳ್ಳು ಚಿಕಿತ್ಸೆ ಪಡೆದವರಿಗಿಂತ, ಒತ್ತಡ, ಸೂಜಿ ಮೊದಲಾದ ವಿಧಾನಗಳಿಂದ ಈ ಬಿಂದುವನ್ನು ಪ್ರಚೋದಿಸಿಕೊಂಡವರಲ್ಲಿ ಓಕರಿಕೆಯೂ ವಾಂತಿಯೂ ಕಡಿಮೆಯಿದ್ದವು. ತುರ್ತಾಗಿ ಮತ್ತೆ ಔಷಧ ಕೊಡಬೇಕಾದ ಸಂದರ್ಭಗಳೂ ಕಡಿಮೆಯಾದವು. ಆ ಹೋಲಿಕೆಯ ಪುರಾವೆಯ ಗುಣಮಟ್ಟ ಕೆಳಮಟ್ಟದ್ದೆಂದು ಪರಾಮರ್ಶೆಯೇ ಹೇಳಿದೆ, ಹಾಗಾಗಿ ನಾವೂ ಅದನ್ನು ಮುಚ್ಚಿಡಬಾರದು. ಶರೀರದಲ್ಲಿ ನಾಡಿಪಥಗಳಲ್ಲಿ ಶಕ್ತಿ ಹರಿಯುತ್ತದೆ ಎಂಬ ಚೀನೀ ವಿವರಣೆಯನ್ನು ಒಪ್ಪಿದರೂ ಒಪ್ಪದಿದ್ದರೂ ಬಿಂದುವನ್ನು ಒತ್ತಬಹುದು. ಆ ಜಾಗದ ಕೆಳಗೆ ಮೀಡಿಯನ್ ನರ ಹಾದುಹೋಗುತ್ತದೆ ಎಂಬುದನ್ನು ಮಾತ್ರ ಅಂಗರಚನಾಶಾಸ್ತ್ರದ ಸತ್ಯವಾಗಿ ನೆನಪಿಡಿ.

ಮೊದಲ ಹೆಜ್ಜೆ: ಅನುಮತಿ ಮತ್ತು ಬರಹದ ನಿಯಮ

ಕೇಂದ್ರ ಆರೋಗ್ಯ ಸಚಿವಾಲಯವು 2003ರ ಆದೇಶದಲ್ಲಿ ಆಕ್ಯುಪಂಕ್ಚರನ್ನು ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ನಡೆಸಬಹುದಾದ ಚಿಕಿತ್ಸಾ ವಿಧಾನವೆಂದು ಒಪ್ಪಿತು. 2019ರಲ್ಲಿ ಅದಕ್ಕೆ ಸ್ವತಂತ್ರ ಪದ್ಧತಿಯ ಮಾನ್ಯತೆ ದೊರೆಯಿತು. ಇದರಿಂದ ಶುಶ್ರೂಷಕಿಗೆ ತಾನಾಗಿ ಅಧಿಕಾರ ಬರುವುದಿಲ್ಲ. ಒತ್ತುಬಿಂದುವಿಗೆ ಚರ್ಮ ಸೀಳುವ ಕೆಲಸವಿಲ್ಲ ನಿಜ, ಆದರೂ ಆಸ್ಪತ್ರೆಯ ಲಿಖಿತ ಕಾರ್ಯವಿಧಾನವಿಲ್ಲದೆ ಒಂದು ಬೆರಳನ್ನೂ ಇಡಬೇಡಿ. ನರ್ಸಿಂಗ್ ಸೂಪರಿಂಟೆಂಡೆಂಟ್, ಅರಿವಳಿಕೆ ತಜ್ಞರು, ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು ಮೂವರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿ. ಇವರಲ್ಲಿ ಮೊದಲು ಒಲಿಸಿಕೊಳ್ಳಬೇಕಾದವರು ಅರಿವಳಿಕೆ ತಜ್ಞರು. ಶಸ್ತ್ರಚಿಕಿತ್ಸೆಯ ನಂತರದ ವಾಂತಿ ಅವರಿಗೂ ತಲೆನೋವು, ಈ ಬಿಂದುವಿನ ವಿಷಯ ಅವರ ಪಠ್ಯಗಳಲ್ಲೂ ಇರುವುದರಿಂದ ನಿಮ್ಮ ಮಾತಿಗೆ ಬೇಗ ಕಿವಿಗೊಡುತ್ತಾರೆ. ಒಂದೇ ಪುಟದ ಕಾರ್ಯವಿಧಾನ ಸಾಕು: ಯಾರಿಗೆ, ಯಾರು, ಯಾವಾಗ, ಎಷ್ಟು ಹೊತ್ತು, ಯಾರಿಗೆ ಮಾಡಬಾರದು, ಏನಾದರೆ ವೈದ್ಯರನ್ನು ಕರೆಯಬೇಕು. ಫಲಿತಾಂಶವನ್ನು ಮುಂದೆ ಸಂಶೋಧನೆಯಾಗಿ ಪ್ರಕಟಿಸುವ ಆಲೋಚನೆ ಇದ್ದರೆ, ಮೊದಲ ರೋಗಿಯ ಕೈ ಹಿಡಿಯುವುದಕ್ಕೆ ಮುಂಚೆಯೇ ಸಂಸ್ಥೆಯ ನೈತಿಕತಾ ಸಮಿತಿಗೆ ಅರ್ಜಿ ಹಾಕಬೇಕು. ಆಮೇಲೆ ಹಾಕುತ್ತೇವೆ ಎನ್ನಲಾಗದು.

ಎರಡನೆಯ ಹೆಜ್ಜೆ: ಬೆರಳಿಗೆ ಪಾಠ

ಅಂಗೈಯನ್ನು ಮೇಲ್ಮುಖ ಮಾಡಿಸಿ. ಅಂಗೈ ಮುಗಿದು ಮುಂಗೈ ಆರಂಭವಾಗುವಲ್ಲಿ ಮಣಿಕಟ್ಟಿನ ಗೆರೆ ಇದೆ. ಆ ಗೆರೆಯ ಮೇಲೆ, ಮೊಣಕೈಯ ದಿಕ್ಕಿಗೆ, ರೋಗಿಯದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ ಇಟ್ಟರೆ, ಆ ಮೂರು ಬೆರಳಿನ ಅಗಲ ಮುಗಿದ ಜಾಗದಲ್ಲಿ, ಎರಡು ಸ್ನಾಯುರಜ್ಜುಗಳ ನಡುವಿನ ತಗ್ಗಿನಲ್ಲಿ ಬಿಂದು ಸಿಗುತ್ತದೆ. ಅಳತೆ ರೋಗಿಯ ಬೆರಳಿನದಾಗಬೇಕು, ನಮ್ಮದಲ್ಲ. ಚೀನೀ ಪದ್ಧತಿಯಲ್ಲಿ ಅಳತೆಯ ಮಾನವೇ ಆಯಾ ವ್ಯಕ್ತಿಯ ಶರೀರ. ದಪ್ಪ ಕೈಯ ಶುಶ್ರೂಷಕಿ ತನ್ನ ಬೆರಳಿನಿಂದ ಸಣ್ಣಕಲು ಅಜ್ಜಿಯ ಕೈಯನ್ನು ಅಳೆದರೆ ಬಿಂದು ಮೊಣಕೈ ಕಡೆಗೆ ಜಾರಿಹೋಗುತ್ತದೆ. ನಾನು ಕಲಿಸುವಾಗ ಅತಿ ಹೆಚ್ಚು ಕಂಡ ತಪ್ಪು ಇದೇ.

ರಜ್ಜುಗಳು ಕಾಣದಿದ್ದರೆ ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ ಮಣಿಕಟ್ಟನ್ನು ಸ್ವಲ್ಪ ಮಡಿಸಲು ಹೇಳಿ. ನಡುವಿನ ರಜ್ಜು ಎದ್ದು ನಿಲ್ಲುತ್ತದೆ. ಕೆಲವರಲ್ಲಿ ಆ ರಜ್ಜು ಹುಟ್ಟಿನಿಂದಲೇ ಇರುವುದಿಲ್ಲ, ಅದು ರೋಗವಲ್ಲ. ಅಂಥವರಲ್ಲಿ ಇರುವ ಒಂದು ರಜ್ಜಿನ ಪಕ್ಕದಲ್ಲಿ, ಮುಂಗೈಯ ನಡುಗೆರೆಯ ಮೇಲೆ ಬಿಂದುವನ್ನು ಗೊತ್ತುಮಾಡಬೇಕು. ಬಿಂದುಗಳ ಸ್ಥಾನದ ಬಗ್ಗೆ ತಕರಾರು ಬಂದರೆ, 361 ಬಿಂದುಗಳ ಸ್ಥಾನವನ್ನು ನಿಗದಿಪಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪಶ್ಚಿಮ ಪೆಸಿಫಿಕ್ ಕಚೇರಿ 2008ರಲ್ಲಿ ಹೊರತಂದ ಮಾನದಂಡವನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಿ.

ಒತ್ತಡ ಎಷ್ಟಿರಬೇಕು ಎಂಬುದನ್ನು ಮಾತಿನಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಅಡುಗೆಮನೆಯಲ್ಲಿ ಹಿಟ್ಟು ತೂಗುವ ಸಣ್ಣ ಡಿಜಿಟಲ್ ತಕ್ಕಡಿಯನ್ನು ತರಬೇತಿಗೆ ತರುವುದು ನನ್ನ ಕ್ರಮ. ಅದರ ಮೇಲೆ ಹೆಬ್ಬೆರಳಿಟ್ಟು 2 ಕಿಲೋ ತೋರಿಸುವಷ್ಟು ಒತ್ತಿ, ಎರಡು ನಿಮಿಷ ಆ ಅಂಕಿಯನ್ನು ಅಲುಗಿಸದೆ ಹಿಡಿಯಬೇಕು. ಮೊದಲ ದಿನ ಬೆರಳು ನಡುಗಿ ಅಂಕಿ ಕುಣಿಯುತ್ತದೆ. ನಾಲ್ಕಾರು ದಿನದಲ್ಲಿ ಸ್ಥಿರವಾಗುತ್ತದೆ. ಬಡಕಲು ಶರೀರದವರಿಗೆ ಇದರ ಅರ್ಧದಿಂದ ಆರಂಭಿಸಿ, ಅವರು ಹೇಳಿದಂತೆ ಏರಿಸಬೇಕು. ಪ್ರತಿಯೊಬ್ಬ ಶುಶ್ರೂಷಕಿಯೂ ಸಹೋದ್ಯೋಗಿಗಳ ಇಪ್ಪತ್ತು ಕೈಗಳಲ್ಲಿ ಬಿಂದುವನ್ನು ಗುರುತಿಸಿ, ತರಬೇತಿ ಪಡೆದ ಇನ್ನೊಬ್ಬರು ಅದನ್ನು ಪರೀಕ್ಷಿಸಿ ಸರಿಯೆಂದು ಸಹಿ ಹಾಕಿದ ಮೇಲೆಯೇ ರೋಗಿಯ ಬಳಿ ಹೋಗಲಿ. ಉಗುರು ಕತ್ತರಿಸಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ಹೆಜ್ಜೆ: ಯಾರಿಗೆ ಮಾಡಬೇಕು, ಯಾರಿಗೆ ಬಾರದು

ಎಲ್ಲರಿಗೂ ಮಾಡುತ್ತೇವೆ ಎಂದು ಹೊರಟರೆ ಎರಡೇ ವಾರದಲ್ಲಿ ವಾರ್ಡಿನ ಕೆಲಸ ಕೆಡುತ್ತದೆ. ವಾಂತಿಯ ಸಂಭವ ಹೆಚ್ಚಿರುವವರನ್ನು ಆರಿಸಲು ಅರಿವಳಿಕೆ ತಜ್ಞರು ಬಳಸುವ ಆಪ್ಫೆಲ್ ಅಂಕ ಬಹಳ ಅನುಕೂಲ. ಹೆಣ್ಣಾಗಿದ್ದರೆ ಒಂದು ಅಂಕ, ಧೂಮಪಾನ ಮಾಡದವರಾಗಿದ್ದರೆ ಒಂದು, ಹಿಂದೆ ಶಸ್ತ್ರಚಿಕಿತ್ಸೆಯ ನಂತರ ವಾಂತಿಯಾಗಿದ್ದರೆ ಅಥವಾ ಪ್ರಯಾಣದಲ್ಲಿ ವಾಂತಿಯಾಗುವ ಸ್ವಭಾವವಿದ್ದರೆ ಒಂದು, ಶಸ್ತ್ರಚಿಕಿತ್ಸೆಯ ನಂತರ ಓಪಿಯಾಯ್ಡ್ (ಮಾರ್ಫಿನ್‌ನಂಥ) ನೋವುನಿವಾರಕ ಕೊಡುವುದಿದ್ದರೆ ಒಂದು. ಒಂದೂ ಅಂಕ ಇಲ್ಲದವರಲ್ಲಿ ಓಕರಿಕೆ ಅಥವಾ ವಾಂತಿಯ ಸಂಭವ ಸುಮಾರು ಶೇಕಡ 10; ಒಂದು, ಎರಡು, ಮೂರು, ನಾಲ್ಕು ಅಂಕಗಳಿಗೆ ಕ್ರಮವಾಗಿ ಸುಮಾರು 20, 40, 60, 80. ಬೀಡಿ ಸಿಗರೇಟು ಸೇದದ ನಮ್ಮ ಹೆಂಗಸರಿಗೆ ಎರಡು ಅಂಕ ಆರಂಭದಲ್ಲೇ ಬಂದುಬಿಡುತ್ತದೆ. ಮೂರನೆಯ ಪ್ರಶ್ನೆಯನ್ನು ನಾನು ಪಠ್ಯದಲ್ಲಿದ್ದ ಹಾಗೆ ಕೇಳುವುದಿಲ್ಲ. “ಆಗುಂಬೆ ಘಾಟಿ ಹತ್ತುವಾಗ ಬಸ್ಸಿನಲ್ಲಿ ನಿಮಗೆ ವಾಂತಿ ಬರುತ್ತದೆಯೇ?” ಎಂದು ಕೇಳುತ್ತೇನೆ. ಉತ್ತರ ತಕ್ಷಣ ಬರುತ್ತದೆ, ಪಕ್ಕದಲ್ಲಿರುವ ಗಂಡನಿಂದಲೋ ಮಗಳಿಂದಲೋ ವಿವರ ಸಮೇತ ಬರುತ್ತದೆ. ಮೂರು ಅಥವಾ ನಾಲ್ಕು ಅಂಕದವರನ್ನು ಮೊದಲಿಗೆ ಆರಿಸಿಕೊಳ್ಳಿ.

ಮಣಿಕಟ್ಟಿನ ಬಳಿ ಔಷಧ ಕೊಡುವ ಕ್ಯಾನುಲಾ (ಸಣ್ಣ ನಳಿಕೆ) ಇದ್ದರೆ ಆ ಕೈ ಬೇಡ. ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿರುವ ಕೈಯನ್ನು ಮುಟ್ಟಲೇಬಾರದು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಬದಿಯ ಕೈ ಬೇಡ. ಗಾಯ, ಬಾವು, ಮುರಿತ, ಚರ್ಮರೋಗ, ಕೈ ಜೋಮು ಹಿಡಿಯುವ ತೊಂದರೆ ಇದ್ದರೆ ಇನ್ನೊಂದು ಕೈಯನ್ನು ಆರಿಸಿ. ನಮ್ಮ ಜಿಲ್ಲೆಯಲ್ಲಿ ವರ್ಷಗಟ್ಟಲೆ ಬೀಡಿ ಕಟ್ಟಿದ ಹೆಂಗಸರು ವಾರ್ಡಿಗೆ ಬರುತ್ತಲೇ ಇರುತ್ತಾರೆ; ಅವರ ಮಣಿಕಟ್ಟು, ಹೆಬ್ಬೆರಳುಗಳು ಮೊದಲೇ ನೋಯುತ್ತಿರುತ್ತವೆ, ಅಲ್ಲಿ ಕೈಯಿಡುವ ಮುನ್ನ ಕೇಳಿಕೊಳ್ಳಿ. ಗರ್ಭಿಣಿಯರ ವಿಷಯದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹೆಗು ಎಂಬ ಬಿಂದುವನ್ನೂ ಕಾಲಿನ ಒಳಬದಿಯ ಹರಡಿನ ಮೂಳೆಯಿಂದ ನಾಲ್ಕು ಬೆರಳು ಮೇಲಿರುವ ಸಾನ್‌ಯಿನ್‌ಜಿಯಾವ್ ಬಿಂದುವನ್ನೂ ಚೀನೀ ಪದ್ಧತಿಯೇ ನಿಷೇಧಿಸಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಹೆಚ್ಚುವರಿ ಬಿಂದುಗಳನ್ನು ಸೇರಿಸುವ ಉತ್ಸಾಹ ಯುವ ಸಿಬ್ಬಂದಿಯಲ್ಲಿ ಕಾಣುವುದರಿಂದ ಇದನ್ನು ಸ್ಪಷ್ಟವಾಗಿ ಬರೆದು ಅಂಟಿಸಬೇಕು.

ನಾಲ್ಕನೆಯ ಹೆಜ್ಜೆ: ರೋಗಿಯೊಡನೆ ಮಾತು

ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ಪಡೆಯಿರಿ. ಓಕರಿಸುತ್ತಿರುವವರಿಗೆ ವಿವರಣೆ ಕೇಳುವ ತಾಳ್ಮೆ ಇರುವುದಿಲ್ಲ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಕಾಸರಗೋಡಿನಿಂದ ಬಂದವರಾದರೆ ಮಲಯಾಳ, ಹೀಗೆ ರೋಗಿಯ ಮನೆಮಾತಿನಲ್ಲಿ ಹೇಳಬಲ್ಲವರು ಪಾಳಿಯಲ್ಲಿ ಯಾರಿದ್ದಾರೆ ಎಂದು ನೋಡಿ ಅವರನ್ನೇ ಕಳುಹಿಸಿ. ನಾನು ಹೇಳುವುದು ಹೀಗೆ: “ಅಕ್ಕಾ, ಆಪರೇಷನ್ ಆದ ಮೇಲೆ ಕೆಲವರಿಗೆ ವಾಂತಿ ಬಂದ ಹಾಗೆ ಆಗುತ್ತದೆ. ಅದಕ್ಕೆ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ. ಅದರ ಜೊತೆಗೆ ಕೈಯ ಈ ಜಾಗವನ್ನು ಸ್ವಲ್ಪ ಹೊತ್ತು ಒತ್ತಿದರೆ ಕೆಲವರಿಗೆ ಕಡಿಮೆಯಾಗುತ್ತದೆ, ಎಲ್ಲರಿಗೂ ಆಗುವುದಿಲ್ಲ. ಬೇಡವೆಂದರೆ ಬೇಡ, ಅದರಿಂದ ನಿಮ್ಮ ಚಿಕಿತ್ಸೆಗೆ ಏನೂ ಕಡಿಮೆಯಾಗುವುದಿಲ್ಲ.” ಇಷ್ಟರಲ್ಲಿ ಹೇಳಬೇಕಾದದ್ದೆಲ್ಲ ಇದೆ. ಚೀನಾದ ಸಾವಿರಾರು ವರ್ಷದ ವಿದ್ಯೆ ಎಂದು ಬೆರಗು ಹುಟ್ಟಿಸುವ ಅಗತ್ಯವಿಲ್ಲ.

ಹಿರಿಯರು ಕೆಲವರು ಹೆದರುವುದುಂಟು. ಗರಡಿ, ಕಳರಿಗಳ ಮರ್ಮವಿದ್ಯೆಯ ಮಾತು ಕೇಳಿ ಬೆಳೆದ ತಲೆಮಾರಿಗೆ ಶರೀರದ ಬಿಂದುವನ್ನು ಒತ್ತುವುದೆಂದರೆ ಅಪಾಯವೆಂಬ ಭಾವನೆ ಇದೆ. ಅದನ್ನು ಅಲ್ಲಗಳೆಯದೆ, ಮೊದಲು ನಿಮ್ಮ ಕೈಯ ಮೇಲೆ ಒತ್ತಿ ತೋರಿಸಿ, ಅನಂತರ ಅವರ ಬೆರಳಿನಿಂದಲೇ ಅವರ ಕೈಯನ್ನು ಒತ್ತಿಸಿ. ಹೆದರಿಕೆ ಇಳಿಯದಿದ್ದರೆ ಬಿಟ್ಟುಬಿಡಿ.

ಐದನೆಯ ಹೆಜ್ಜೆ: ಒತ್ತುವ ಕ್ರಮ

ಅಧ್ಯಯನಗಳಲ್ಲಿ ಕೆಲವರು ಅರಿವಳಿಕೆಗೆ ಮೊದಲೇ ಆರಂಭಿಸಿದ್ದಾರೆ, ಕೆಲವರು ನಂತರ. ವಾರ್ಡಿನ ಮಟ್ಟದಲ್ಲಿ ನಡೆಸಬಹುದಾದ ಕ್ರಮ ಇದು: ರೋಗಿ ರಿಕವರಿ ಕೊಠಡಿಯಿಂದ ಬಂದು, ನಾಡಿ, ರಕ್ತದೊತ್ತಡ, ಉಸಿರಾಟ, ಆಮ್ಲಜನಕದ ಮಟ್ಟ ಇವನ್ನು ನೋಡಿ ಬರೆದ ಮೇಲೆ ಮೊದಲ ಸಲ, ಅನಂತರ ವೈಟಲ್ಸ್ ನೋಡಲು ಹೋಗುವ ಹೊತ್ತಿಗೆಲ್ಲ ಒಂದೊಂದು ಸಲ, ಮಧ್ಯೆ ಓಕರಿಕೆ ಎಂದು ಕರೆದರೆ ಆಗ. ಹೀಗೆ ಮಾಡಿದರೆ ಬೇರೆಯಾಗಿ ಸಮಯ ಹೊಂದಿಸುವ ಗೋಜು ಇರುವುದಿಲ್ಲ. ಕೈ ತೊಳೆದು, ರೋಗಿಯ ಕೈಯ ಕೆಳಗೆ ಸಣ್ಣ ದಿಂಬು ಇಟ್ಟು, ಬಳೆ, ದಾರ, ಹೆಸರಿನ ಪಟ್ಟಿ ಬಿಂದುವಿನ ಮೇಲೆ ಬರದಂತೆ ಸರಿಸಿ. ದೇವಸ್ಥಾನದಲ್ಲೋ ದರ್ಗಾದಲ್ಲೋ ಕಟ್ಟಿಸಿಕೊಂಡ ದಾರವನ್ನು ಕತ್ತರಿಸಬೇಡಿ, ಸರಿಸಿದರೆ ಸಾಕು. ಹೆಬ್ಬೆರಳಿನ ತಿರುಳಿನಿಂದ ನೇರವಾಗಿ ಕೆಳಗೆ ಒತ್ತಿ, ಬೆರಳು ಚರ್ಮದ ಮೇಲೆ ಜಾರದಂತೆ ಸಣ್ಣ ವೃತ್ತದಲ್ಲಿ ತಿರುಗಿಸುತ್ತ ಎರಡರಿಂದ ಮೂರು ನಿಮಿಷ ಹಿಡಿಯಿರಿ. ಅನಂತರ ಇನ್ನೊಂದು ಕೈ. ಒತ್ತಿದಲ್ಲಿ ಭಾರವಾದ, ಜಗ್ಗಿದಂಥ ಅನುಭವ ಬರುವುದು ಸಹಜ. ಬೆರಳಿನ ತುದಿಗೆ ಕರೆಂಟು ಹೊಡೆದಂತೆ ಜುಮ್ಮೆಂದರೆ ನರವನ್ನು ಒತ್ತುತ್ತಿದ್ದೀರಿ ಎಂದರ್ಥ, ಒತ್ತಡ ಇಳಿಸಿ ಜಾಗವನ್ನು ಕೂದಲೆಳೆಯಷ್ಟು ಸರಿಸಬೇಕು.

ಆ ಮೂರು ನಿಮಿಷ ಫೋನ್ ಜೇಬಿನಲ್ಲಿರಲಿ, ಕಣ್ಣು ರೋಗಿಯ ಮುಖದ ಮೇಲಿರಲಿ. “ಬೇನೆ ಉಂಡಾ?” ಎಂದು ತುಳುವಿನಲ್ಲಿ ಮೆಲ್ಲಗೆ ಕೇಳಿದಾಗ, ಅಷ್ಟು ಹೊತ್ತು ಇಲ್ಲ ಇಲ್ಲ ಎನ್ನುತ್ತಿದ್ದ ಅಜ್ಜಿ ಭುಜದವರೆಗೆ ನೋವು ಎಳೆಯುತ್ತಿದೆ ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯಲ್ಲಿ ಉಳಿದ ಅನಿಲದಿಂದ ಭುಜ ನೋಯುವುದು ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಹೃದಯದ ನೋವೆಂದು ಹೆದರಿ ಸುಮ್ಮನಿದ್ದರು. ವೈದ್ಯರು ಬಂದು ನೋಡಿ ವಿವರಿಸಿದ ಮೇಲೆ ನಿದ್ರೆ ಹೋದರು. ಬಿಂದುವಿನ ಪರಿಣಾಮ ಎಷ್ಟು, ಪಕ್ಕದಲ್ಲಿ ಕುಳಿತ ಪರಿಣಾಮ ಎಷ್ಟು ಎಂದು ನಾನು ವಾದಿಸಲು ಹೋಗುವುದಿಲ್ಲ. ಕುಳಿತಾಗ ಕಂಡದ್ದನ್ನು ಬರೆದಿಡುವುದು ಮುಖ್ಯ.

ಮಣಿಕಟ್ಟಿಗೆ ಹಾಕುವ, ಒಳಗೆ ಗುಂಡಿಯಿರುವ ಎಲಾಸ್ಟಿಕ್ ಪಟ್ಟಿಗಳೂ ಸಿಗುತ್ತವೆ. ಸಿಬ್ಬಂದಿ ಕಡಿಮೆಯಿದ್ದಾಗ ಉಪಯೋಗಕ್ಕೆ ಬರುತ್ತವೆ, ಆದರೆ ಕೈ ಬಾವು ಬಂದವರಲ್ಲಿ ಪಟ್ಟಿ ಬಿಗಿಯಾಗುತ್ತದೆ. ಬೆರಳ ತುದಿಯ ಬಣ್ಣ, ಬಿಸಿ, ಉಗುರು ಒತ್ತಿ ಬಿಟ್ಟಾಗ ರಕ್ತ ಮರಳುವ ವೇಗ ಇವನ್ನು ಪ್ರತಿ ಸಲವೂ ನೋಡಿ. ಒಬ್ಬ ರೋಗಿಗೆ ಬಳಸಿದ ಬಟ್ಟೆಯ ಪಟ್ಟಿಯನ್ನು ಇನ್ನೊಬ್ಬರಿಗೆ ಹಾಕಬೇಡಿ.

ವೈದ್ಯರನ್ನು ಕರೆಯಬೇಕಾದಾಗ

ಈ ಭಾಗವನ್ನು ನಾನು ನನ್ನ ತಪ್ಪಿನಿಂದ ಕಲಿತೆ. ಆರಂಭದ ದಿನಗಳಲ್ಲಿ, ನಾನು ತರಬೇತಿ ಕೊಟ್ಟ ಹುಡುಗಿಯೊಬ್ಬಳು, ಹರ್ನಿಯಾ ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬರಿಗೆ ರಾತ್ರಿ ಮೂರು ಸಲ ಶ್ರದ್ಧೆಯಿಂದ ಬಿಂದುವನ್ನು ಒತ್ತಿದ್ದಳು. ಹೊಟ್ಟೆ ಉಬ್ಬುತ್ತಿತ್ತು, ಗಾಳಿ ಹೋಗಿರಲಿಲ್ಲ, ವಾಂತಿಯ ಬಣ್ಣ ಹಸಿರಾಗಿತ್ತು. ಬೆಳಗಿನ ಹ್ಯಾಂಡ್‌ಓವರಿನಲ್ಲಿ ಅದು ತಿಳಿಯುವವರೆಗೆ ಡ್ಯೂಟಿ ಡಾಕ್ಟರಿಗೆ ಹೇಳಿರಲಿಲ್ಲ. ರೋಗಿಗೆ ಮತ್ತೆ ನಾಳ ಹಾಕಿ, ಚಿಕಿತ್ಸೆ ಬದಲಿಸಿ, ಗುಣವಾಯಿತು. ತಪ್ಪು ಆ ಹುಡುಗಿಯದಲ್ಲ. ಎಲ್ಲಿ ಒತ್ತಬೇಕು ಎಂದು ಕಲಿಸಿದ್ದ ನಾನು ಯಾವಾಗ ಒತ್ತುವುದನ್ನು ನಿಲ್ಲಿಸಬೇಕು ಎಂದು ಕಲಿಸಿರಲಿಲ್ಲ. ಈಗ ಕಾರ್ಯವಿಧಾನದ ಪುಟದ ತಲೆಯಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ: ಹೊಟ್ಟೆ ಉಬ್ಬಿದ್ದರೆ, ವಾಂತಿ ಹಸಿರು ಅಥವಾ ರಕ್ತಮಿಶ್ರಿತವಾಗಿದ್ದರೆ, ಎದೆನೋವು, ಬೆವರು, ಜೋರು ತಲೆನೋವು, ಮಂಪರು, ಜ್ವರ, ರಕ್ತದೊತ್ತಡದ ಇಳಿತ ಇದ್ದರೆ, ಮೊದಲು ವೈದ್ಯರನ್ನು ಕರೆಯಬೇಕು, ಒತ್ತುವುದು ಆಮೇಲಿನ ಮಾತು. ಎರಡು ಸಲ ಒತ್ತಿದರೂ ಓಕರಿಕೆ ಇಳಿಯದಿದ್ದರೆ ಮೂರನೆಯ ಸಲಕ್ಕೆ ಕಾಯದೆ, ಬರೆದಿಟ್ಟ ಔಷಧವನ್ನು ಕೊಡಬೇಕು. ಒತ್ತುಬಿಂದುವಿನ ನೆಪದಲ್ಲಿ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಔಷಧದ ಒಂದು ಡೋಸ್ ಕೂಡ ತಡವಾಗಬಾರದು.

ದಾಖಲೆ

ಕೇಸ್ ಶೀಟಿನಲ್ಲಿ ಸಮಯ, ಯಾವ ಕೈ, ಎಷ್ಟು ನಿಮಿಷ, ಮಾಡಿದವರ ಸಹಿ ಇರಲಿ. ಓಕರಿಕೆಯನ್ನು 0ರಿಂದ 10ರ ಅಂಕದಲ್ಲಿ ಕೇಳಿ, ಒತ್ತುವ ಮೊದಲು ಒಮ್ಮೆ, ಅರ್ಧ ಗಂಟೆಯ ನಂತರ ಒಮ್ಮೆ ಬರೆಯಿರಿ. ಅಂಕ ಹೇಳಲು ತೋಚದ ಹಿರಿಯರಿಗೆ ಇಲ್ಲ, ಸ್ವಲ್ಪ, ಜೋರು, ತಡೆಯಲಾರೆ ಎಂಬ ನಾಲ್ಕು ಮಾತು ಸಾಕು. ಔಷಧ ಮತ್ತೆ ಕೊಡಬೇಕಾಯಿತೇ ಎಂಬ ಅಂಕಣವನ್ನು ಖಾಲಿ ಬಿಡಬೇಡಿ. ಪ್ರಯೋಜನವಾಗದ ರೋಗಿಗಳ ದಾಖಲೆಯೇ ಹೆಚ್ಚು ಬೆಲೆಯುಳ್ಳದ್ದು, ನಮ್ಮ ಬೆರಳು ಸರಿಯಾದ ಜಾಗದಲ್ಲಿತ್ತೇ ಎಂದು ಪರೀಕ್ಷಿಸಲು ಅದೇ ದಾರಿ. ಮೂರು ತಿಂಗಳಿಗೊಮ್ಮೆ ಅರಿವಳಿಕೆ ತಜ್ಞರ ಮುಂದೆ ಈ ಪುಸ್ತಕವನ್ನು ಬಿಚ್ಚಿಡಿ.

ಇದು ನೆಲೆಗೊಂಡ ಮೇಲೆ

ಆರು ತಿಂಗಳು ಈ ಒಂದು ಬಿಂದು ಸರಿಯಾಗಿ ನಡೆದ ಮೇಲೆ ಮಾತ್ರ ಎರಡನೆಯ ತಂತ್ರದ ಯೋಚನೆ ಮಾಡಿ. ನಿದ್ರೆ ಬಾರದವರ ಕಿವಿಯ ಮೇಲ್ಭಾಗದ ತ್ರಿಕೋನ ತಗ್ಗಿನಲ್ಲಿರುವ ಶೆನ್‌ಮೆನ್ ಬಿಂದುವಿಗೆ ವ್ಯಾಕೇರಿಯಾ ಗಿಡದ ಬೀಜವನ್ನು ಟೇಪಿನಿಂದ ಅಂಟಿಸಿ ಆಗಾಗ ಒತ್ತುವ ಕ್ರಮ ಚೀನಾದ ವಾರ್ಡುಗಳಲ್ಲಿ ಬಹಳ ಸಾಮಾನ್ಯ. ಅಧ್ಯಯನಗಳು ಸಣ್ಣವು, ಹಾಗಾಗಿ ನನ್ನ ಭರವಸೆಯೂ ಮಿತವಾದದ್ದು. ನಮ್ಮ ಕರಾವಳಿಯ ಸೆಕೆಗೆ ಟೇಪು ಬೇಗ ಬಿಟ್ಟುಕೊಳ್ಳುತ್ತದೆ, ಬೆವರಿನಿಂದ ಚರ್ಮ ತುರಿಸುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ. ಬೀಜದ ಬದಲು ಮೆಂತೆಕಾಳು ಅಂಟಿಸಿದ್ದನ್ನು ಕಂಡಿದ್ದೇನೆ, ಬೆವರಿಗೆ ನೆನೆದು ಲೋಳೆಯಾಗಿತ್ತು. ಲೋಹದ ಮಣಿಯ ಟೇಪಾಗಿದ್ದರೆ ಎಂಆರ್‌ಐಗೆ ಕಳುಹಿಸುವ ಮೊದಲು ತೆಗೆಯಬೇಕು, ಕಳುಹಿಸುವ ಪಟ್ಟಿಯಲ್ಲೇ ಅದನ್ನು ಸೇರಿಸಿ. ಮಲಗುವ ಮುನ್ನ ಬಿಸಿನೀರಿನಲ್ಲಿ ಕಾಲು ನೆನೆಸುವುದನ್ನು ಮೂಲಿಕೆಯಿಲ್ಲದೆ ಬರಿಯ ನೀರಿನಲ್ಲೇ ಮಾಡಬಹುದು: 38ರಿಂದ 40 ಡಿಗ್ರಿ ಸೆಲ್ಸಿಯಸ್, ಹದಿನೈದು ನಿಮಿಷ, ಕೈ ಅದ್ದಿ ಅಂದಾಜು ಮಾಡದೆ ಥರ್ಮಾಮೀಟರಿನಿಂದ ನೋಡಿ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೂ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೂ ಇದು ಬೇಡ. ಸ್ಪರ್ಶಜ್ಞಾನ ಇಲ್ಲದವರಿಗೆ ಸುಟ್ಟದ್ದು ತಿಳಿಯುವುದೇ ಇಲ್ಲ.

ಡಿಸ್ಚಾರ್ಜ್ ದಿನ ರೋಗಿಗೂ ಜೊತೆಗಿರುವವರಿಗೂ ಬಿಂದುವನ್ನು ತೋರಿಸಿಕೊಡಿ. ಮೂರು ಬೆರಳಿನ ಅಳತೆ, ಎರಡು ರಜ್ಜುಗಳ ನಡು, ಎರಡು ನಿಮಿಷ. ಪ್ರಯಾಣದ ವಾಂತಿಗೆ ಇದರ ಪುರಾವೆ ಶಸ್ತ್ರಚಿಕಿತ್ಸೆಯ ವಾಂತಿಗೆ ಇರುವಷ್ಟು ಗಟ್ಟಿಯಲ್ಲ ಎಂಬುದನ್ನೂ ಹೇಳಿ. ಹೊಲಿಗೆ ಹಸಿಯಿರುವಾಗ ಓಕರಿಕೆ ಬಾರದಿರುವುದು ಎಲ್ಲಕ್ಕಿಂತ ಮುಖ್ಯವಾದ್ದರಿಂದ, ತೀರ್ಥಹಳ್ಳಿ ಶೃಂಗೇರಿ ಕಡೆಗೆ ಹೋಗುವವರಿಗೆ ನಾನು ಕೊಡುವ ಸೂಚನೆ ಇದು: ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಹೊರಡುವ ಮುನ್ನ ತೆಗೆದುಕೊಳ್ಳಿ, ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳಿ, ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ, ಬಸ್ಸು ಸೋಮೇಶ್ವರ ದಾಟಿ ಘಾಟಿಯ ಮೊದಲ ತಿರುವಿಗೆ ಬರುವ ಮೊದಲೇ ಮಣಿಕಟ್ಟನ್ನು ಒತ್ತಲು ಆರಂಭಿಸಿ.